ನಾಲಿಗೆ ನೋಡಿ ಸಾರು ಬಡಿಸಿದ್ದು: ನನ್ನ ಅನುಭವ

ನಮ್ಮದು ಮೈಸೂರಿನ ಹೊರಗೆ ಇರುವ ಒಂದು ಸಣ್ಣ ಹಾಫ್‌ವೇ ಹೋಮ್, ಅಂದರೆ ಮಾನಸಿಕ ಕಾಯಿಲೆಯವರು ಆಸ್ಪತ್ರೆಗೂ ಮನೆಗೂ ನಡುವೆ ಇದ್ದು ಚೇತರಿಸಿಕೊಳ್ಳುವ ಜಾಗ. ಇಪ್ಪತ್ತರ ಆಸುಪಾಸು ಜನ ಇರುತ್ತಾರೆ. ಮುಕ್ಕಾಲು ಪಾಲು ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹತ್ತುವ ಮನಸ್ಸಿನ ಕಾಯಿಲೆ. ನಾನು ನರ್ಸ್, ಅಡುಗೆಮನೆ ಉಸ್ತುವಾರಿಯೂ ನನ್ನದೇ. ಅರ್ಧ ಊಟ ಬಿಟ್ಟು ಏಳುವುದು, ಟೀಗೆ ನಾಲ್ಕು ಚಮಚ ಸಕ್ಕರೆ, ಉಪ್ಪಿನಕಾಯಿ ಜಾಡಿ ಎರಡು ದಿನಕ್ಕೆ ಖಾಲಿ, ಮಧ್ಯೆ ಯಾರಾದರೂ ಒಬ್ಬರು "ಸಾರಿಗೆ ಏನೋ ಬೆರೆಸಿದ್ದೀರಾ" ಅಂತ ತಟ್ಟೆ ತಳ್ಳುವುದು. ಇಂಥ ಮನೆ ನಡೆಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ನಾನು ಮಾಡಿದ್ದು ಇಷ್ಟು. ಒಬ್ಬೊಬ್ಬರ ನಾಲಿಗೆಯನ್ನೂ ಮೂಗನ್ನೂ ಬೇರೆ ಬೇರೆಯಾಗಿ ನೋಡಿದೆ. ಪಾತ್ರೆಯಲ್ಲಿ ಅಡುಗೆಯನ್ನು ಸಪ್ಪೆಯಾಗಿ ಇಟ್ಟು, ತಟ್ಟೆಗೆ ಬಂದ ಮೇಲೆ ಹದ ಮಾಡಿದೆ. "ಇವರಿಗೆ ರುಚಿ ಎಲ್ಲಿ ಗೊತ್ತಾಗುತ್ತೆ ಸಿಸ್ಟರ್, ಹೊಟ್ಟೆ ತುಂಬಿದ್ರೆ ಸಾಕಲ್ವಾ" ಅಂದಿದ್ದ ಟ್ರಸ್ಟಿನ ಹಿರಿಯರೇ ಈಗ ಬಂದವರಿಗೆಲ್ಲ ನನ್ನ ಚಾರ್ಟ್ ತೋರಿಸುತ್ತಾರೆ. ಅದಕ್ಕೇ ಬರೆಯಲು ಕೂತೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ದುಡ್ಡು ಹೋಗಿದ್ದು ಅಲ್ಲೇ.

ಶುರುವಿಗೆ ಶನಿವಾರದ ಮೀಟಿಂಗ್ ಮಾಡಿದೆವು. ಎಲ್ಲರನ್ನೂ ಕೂರಿಸಿ "ಮುಂದಿನ ವಾರ ಏನು ಮಾಡೋಣ?" ಅಂತ ಕೇಳುವುದು. "ಏನಾದ್ರೂ ಆಗುತ್ತೆ ಸಿಸ್ಟರ್." ಎಲ್ಲರದೂ ಅದೇ ಉತ್ತರ. ಅದೇ ಜನ, ಬಿಸಿ ಮದ್ದೂರು ವಡೆ ಕೈಗಿಟ್ಟರೆ ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಇದು ನನ್ನ ತಲೆ ತಿನ್ನುತ್ತಿತ್ತು. ಆಮೇಲೆ ಓದಿದಾಗ ಗೊತ್ತಾಯಿತು. ಈ ಕಾಯಿಲೆಯಲ್ಲಿ ಬಾಯಲ್ಲಿರುವಾಗಿನ ಖುಷಿ ಅಷ್ಟೇನೂ ಕಡಿಮೆ ಆಗುವುದಿಲ್ಲವಂತೆ. ನಾಳೆಯ ಊಟ ನೆನೆಸಿಕೊಂಡು ಇವತ್ತು ಬಾಯಲ್ಲಿ ನೀರೂರುತ್ತಲ್ಲ, ಪೆಟ್ಟು ಬೀಳುವುದು ಅದಕ್ಕೆ. ಹಾಗಿದ್ದ ಮೇಲೆ ಮುಂದಿನ ವಾರದ ಊಟದ ಬಗ್ಗೆ ಕೇಳಿ ಏನು ಪ್ರಯೋಜನ? ಮೀಟಿಂಗ್ ನಿಲ್ಲಿಸಿದೆ.

ಆಮೇಲೆ ಖಾರ, ಮಸಾಲೆ ಜಾಸ್ತಿ ಮಾಡಿಸಿದೆವು. ಅಡುಗೆಯ ಅಕ್ಕ ಮಂಡ್ಯ ಕಡೆಯವರು, ಉಪ್ಸಾರಿನ ಖಾರಕ್ಕೆ ಹೆಸರಾದವರು. ಅವರಿಗೆ ಖುಷಿಯೋ ಖುಷಿ. ಫಲ ಏನು? ರಾತ್ರಿ ಹತ್ತಕ್ಕೆ ಎದೆಯುರಿ ಅಂತ ನನ್ನ ಬಾಗಿಲು ತಟ್ಟುವವರು ಜಾಸ್ತಿಯಾದರು. ಎಂಜಲು ಬಕೆಟ್ ಮಾತ್ರ ಹಾಗೇ ತುಂಬುತ್ತಿತ್ತು. ಮೂರನೆಯದು ಕೇಟರಿಂಗ್. ಒಂದು ತಿಂಗಳು ಹೊರಗಿನಿಂದ ಊಟ ತರಿಸಿದೆವು. ಎಂಟೋ ಒಂಬತ್ತೋ ಸಾವಿರ ಹೆಚ್ಚಿಗೆ ಬಿತ್ತು. ಬಕೆಟ್ ಅಷ್ಟೇ ತೂಕ. ಹೌದು, ಆಗಿನಿಂದಲೇ ನಾನು ಬಕೆಟ್ ತೂಗುತ್ತಿದ್ದೆ. ಹಳೇ ಪೇಪರ್ ಅಂಗಡಿಯವನ ಹತ್ತಿರ ತಗೊಂಡ ಕೊಕ್ಕೆ ತಕ್ಕಡಿಯಲ್ಲಿ. ದಿನಕ್ಕೆ ಐದಾರು ಕೆಜಿ ಪಕ್ಕದ ತೋಟದ ಎಮ್ಮೆಗೆ ಹೋಗುತ್ತಿತ್ತು. ಎಮ್ಮೆ ಚೆನ್ನಾಗಿ ದಪ್ಪ ಆಗಿತ್ತು.

ಆಗ ನಿರ್ಧಾರ ಮಾಡಿದೆ, ಅಡುಗೆ ಬಿಟ್ಟು ಬಾಯಿ ನೋಡೋಣ ಅಂತ. ಟಾರ್ಚ್ ಹಾಕಿ ನೋಡಿದರೆ ನಾಲಿಗೆ ಮೇಲೆ ಬಿಳಿ ಪದರ, ವಸಡಿನಲ್ಲಿ ರಕ್ತ, ಟಿಎಚ್‌ಪಿ (ಕೈನಡುಕ, ಬಿಗಿತ ತಡೆಯಲು ಕೊಡುವ ಮಾತ್ರೆ) ತಗೊಳ್ಳುವವರ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಬಾಯಲ್ಲಿ ಜೊಲ್ಲು ಇಲ್ಲದೆ ರುಚಿ ಇಲ್ಲ. ಉಪ್ಪು, ಸಕ್ಕರೆ ಯಾವುದೇ ಇರಲಿ, ಕರಗಿದ ಮೇಲೇ ನಾಲಿಗೆಗೆ ತಿಳಿಯುವುದು. ಎಲ್ಲರಿಗೂ ಒಂದೊಂದು ತಾಮ್ರದ ನಾಲಿಗೆ ಉಜ್ಜುಗ ತಂದೆ, ಸಗಟಿನಲ್ಲಿ ಮೂವತ್ತೈದೋ ನಲವತ್ತೋ ರೂಪಾಯಿ. ಹಲ್ಲಿನ ಡಾಕ್ಟರ್ ಒಬ್ಬರು ಒಂದು ಭಾನುವಾರ ಪುಕ್ಕಟೆ ಬಂದು ನೋಡಿದರು. ಊಟಕ್ಕೆ ಕೂರುವ ಮುಂಚೆ ಬಾಯಿ ಮುಕ್ಕಳಿಸುವುದನ್ನು ನಿಯಮ ಮಾಡಿದೆ. ನಂಬಿ, ಬರೀ ಇಷ್ಟಕ್ಕೇ ಬಕೆಟ್ ಒಂದು ಕೆಜಿ ಇಳಿಯಿತು. ಬೇರೇನೂ ಮಾಡಲು ಆಗದವರು ಇದಿಷ್ಟಾದರೂ ಮಾಡಿ.

ಆಮೇಲೆ ರುಚಿ ಪರೀಕ್ಷೆ. ಜರ್ಮನಿಯವರು ರುಚಿಯ ನೀರಲ್ಲಿ ಅದ್ದಿದ ಫಿಲ್ಟರ್ ಪೇಪರ್ ಪಟ್ಟಿಗಳನ್ನು ನಾಲಿಗೆ ಮೇಲಿಟ್ಟು ಮಾಡುತ್ತಾರೆ. ನಾಲ್ಕು ರುಚಿ, ಒಂದೊಂದಕ್ಕೂ ನಾಲ್ಕು ಹದ. ಅವರ ಕಿಟ್ ತರಿಸಲು ವಿಚಾರಿಸಿದೆ. ಬೆಲೆ ಕೇಳಿ ಫೋನ್ ಇಟ್ಟೆ. ಸೈನ್ಸ್ ಸಾಮಾನಿನ ಅಂಗಡಿಯಲ್ಲಿ ಫಿಲ್ಟರ್ ಪೇಪರ್ ಒಂದು ಪ್ಯಾಕೆಟ್ ತಂದೆ, ಸುಮಾರು ಆರೇಳು ನೂರು ರೂಪಾಯಿ ಅಂತ ನೆನಪು. ಹದ ಅವರದೇ. 100 ಮಿಲಿಗೆ ಸಕ್ಕರೆ 40, 20, 10, 5 ಗ್ರಾಂ. ಉಪ್ಪು 25, 10, 4, ಕೊನೆಯದು ಒಂದೂವರೆ ಗ್ರಾಮಿನ ಹತ್ತಿರ. ಹುಳಿಗೆ ನಿಂಬೆಉಪ್ಪು (ಸಿಟ್ರಿಕ್ ಆಸಿಡ್), 30ರಿಂದ ಶುರುಮಾಡಿ 5ರವರೆಗೆ. ಕಹಿಗೆ ಅವರು ಕ್ವಿನೈನ್ ಹಾಕುತ್ತಾರೆ, ನಾನು ನೆಲಬೇವು ಕುದಿಸಿದೆ. ಅದರ ಹದ ಇಲ್ಲಿ ಬರೆಯುವುದಿಲ್ಲ. ಅದನ್ನು ಕೂರಿಸಲು ನಾನು ಮತ್ತು ಅಡುಗೆಯ ಅಕ್ಕ ಒಂದು ವಾರ ಮುಖ ಕಿವಿಚಿಕೊಂಡೇ ಓಡಾಡಿದ್ದೇವೆ. ನೀವೂ ಸ್ವಲ್ಪ ಕಷ್ಟಪಡಿ.

ಹನಿ ಹಾಕಿ ನೋಡುವುದು ಸರಿಹೋಗಲಿಲ್ಲ. ನಮ್ಮವರು ಗಟಗಟ ನೀರು ಕುಡಿದು ಎಲ್ಲ ಕಲಸಿಬಿಡುತ್ತಾರೆ. ಕೆಲವರಿಗೆ ನೀರು ಕುಡಿಯುವ ಚಟವೇ ಇರುತ್ತಲ್ಲ, ರಕ್ತದ ಸೋಡಿಯಂ ಇಳಿಯುವಷ್ಟು. ಅವರಿಗೆ ಪರೀಕ್ಷೆ ನೆಪದಲ್ಲಿ ಲೋಟ ಕೊಡಲೇಬೇಡಿ, ಒದ್ದೆ ಬಟ್ಟೆಯಲ್ಲಿ ನಾಲಿಗೆ ಒರೆಸಿ. ಪಟ್ಟಿಯೇ ಒಳ್ಳೆಯದು. ಆದರೆ ನಮ್ಮ ಮೊದಲ ಕಂತಿನ ಸಿಹಿ ಪಟ್ಟಿಗಳನ್ನು ಇರುವೆ ತಿಂದಿತು. ಎರಡನೆಯದು ಆಷಾಢದ ಥಂಡಿಗೆ ಬೂಸ್ಟು ಹಿಡಿಯಿತು. ಶೂ ಡಬ್ಬದಲ್ಲಿ ಬರುವ ಸಿಲಿಕಾ ಚೀಟಿಗಳನ್ನು ಕೂಡಿಟ್ಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿದ ಮೇಲೆ ಉಳಿದವು.

ಕೇಳುವ ರೀತಿಯೂ ಮುಖ್ಯ. "ಹತ್ತಕ್ಕೆ ಎಷ್ಟು ಸಿಹಿ?" ಅಂದರೆ ಉತ್ತರ ಬರುವುದಿಲ್ಲ. ಐದು ಚಿತ್ರದ ಕಾರ್ಡ್ ಮಾಡಿದೆ. ಬೆಲ್ಲ, ಉಪ್ಪು, ಹುಣಸೆ, ಹಾಗಲಕಾಯಿ, ಖಾಲಿ ತಟ್ಟೆ. ಬೆರಳಿಟ್ಟು ತೋರಿಸಿದರೆ ಸಾಕು. ಹುಳಿಗೆ ಹಾಗಲಕಾಯಿ ತೋರಿಸಿದರೆ ಕಾಯಿಲೆ ಅಂದುಕೊಳ್ಳಬೇಡಿ. ಹುಳಿ-ಕಹಿ ಅದಲುಬದಲು ಎಲ್ಲರಲ್ಲೂ ಆಗುತ್ತದೆ. ನಮ್ಮ ಸ್ಟಾಫ್‌ನಲ್ಲೇ ಇಬ್ಬರು ಮೂವರು ಹಾಗೆ ತೋರಿಸಿದರು.

ಒಂದೇ ಕೂರುವಿಕೆಯಲ್ಲಿ ಎಲ್ಲ ಮುಗಿಸಲು ಹೋಗಬೇಡಿ. ಅರ್ಧಕ್ಕೇ ಸಾಕಾಗಿ, ಯಾವ ಪಟ್ಟಿ ಕೊಟ್ಟರೂ ಬೆಲ್ಲ ತೋರಿಸುತ್ತಾರೆ.

ಇನ್ನು ಮೂಗು. ಊಟದಲ್ಲಿ ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆ. ಸ್ಕಿಜೋಫ್ರೇನಿಯಾದಲ್ಲಿ ವಾಸನೆ ಗುರುತಿಸುವ ಶಕ್ತಿ ಕಡಿಮೆ ಆಗುವುದು ಬಹಳ ಕಡೆ ಕಂಡ ವಿಷಯ. ಬರೀ ನಾಲಿಗೆಯ ಬಗ್ಗೆ ಅಷ್ಟು ಒಮ್ಮತ ಇಲ್ಲ. ಅಮೆರಿಕದ ನಲವತ್ತು ವಾಸನೆಯ ಗೀರಿ ಮೂಸುವ ಪುಸ್ತಕ ಹೆಸರುವಾಸಿ. ಆದರೆ ಅದರಲ್ಲಿ ರೂಟ್ ಬಿಯರ್, ಪಂಪ್‌ಕಿನ್ ಪೈ ಎಲ್ಲ ಇದೆ. ಹುಣಸೂರಿನ ಅಜ್ಜಿಗೆ ರೂಟ್ ಬಿಯರ್ ಏನು ಗೊತ್ತು? ನಾನು ಔಷಧಿಯ ಖಾಲಿ ಡಬ್ಬಿಗಳಲ್ಲಿ ಕಾಫಿಪುಡಿ, ಇಂಗು, ಏಲಕ್ಕಿ, ಮಲ್ಲಿಗೆ, ಸೋಪು, ಊದುಬತ್ತಿ ಪುಡಿ, ಬಾಳೆಹಣ್ಣು, ಬೆಳ್ಳುಳ್ಳಿ ಹಾಕಿದೆ. ಕರ್ಪೂರ, ಅಮೃತಾಂಜನ ಹಾಕಬೇಡಿ. ಅವು ಮೂಗಿಗೆ ಚುರುಕು ಮುಟ್ಟಿಸುತ್ತವೆ, ವಾಸನೆ ಸತ್ತವರಿಗೂ ತಿಳಿಯುತ್ತವೆ. "ಏನೋ ಇದೆ, ಹೆಸರು ಬರ್ತಿಲ್ಲ" ಅನ್ನುವವರು ತುಂಬಾ ಜನ. ಅವರಿಗೆ ನಾಲ್ಕು ಹೆಸರು ಹೇಳಿ ಆರಿಸಿಕೊಳ್ಳಲು ಬಿಡಿ. ಆಗಲೂ ತಪ್ಪಿದರೆ ಮಂದ ಅಂತ ಬರೆಯಿರಿ. 2021ರ ಕೋವಿಡ್‌ನಲ್ಲಿ ವಾಸನೆ ಹೋದವರು ಇದ್ದಾರಾ ಅಂತಲೂ ಕೇಳಿಕೊಳ್ಳಿ. ನಮ್ಮಲ್ಲಿ ಒಬ್ಬಿಬ್ಬರು ಸಿಕ್ಕಿದರು.

ನನಗೆ ಕಂಡದ್ದು ಹೀಗೆ. ನಾಲಿಗೆ ಪೂರಾ ಕೆಟ್ಟವರು ಕೈಬೆರಳೆಣಿಕೆ. ಮೂಗು ಮಂದವಾದವರು ಅರ್ಧದಷ್ಟು. ಉಪ್ಪಿನಕಾಯಿ ಜಾಡಿ ಖಾಲಿ ಮಾಡುತ್ತಿದ್ದವರು ಹೆಚ್ಚುಕಡಿಮೆ ಇವರೇ! ಮೆಣಸಿನ ಉರಿ ರುಚಿಯೂ ಅಲ್ಲ, ವಾಸನೆಯೂ ಅಲ್ಲ, ನೋವಿನ ನರಕ್ಕೆ ತಾಗುವಂಥದ್ದು. ವಾಸನೆ ಇಲ್ಲದ ಬಾಯಿಗೆ ಅದೊಂದೇ ಜೋರಾಗಿ ಕೇಳಿಸುತ್ತದೆ. ಅಕ್ಕ ಒಗ್ಗರಣೆಗೆ ಎಷ್ಟು ಇಂಗು ಹಾಕಿದರೂ ಈ ಗುಂಪಿಗೆ ದಂಡ. ಇವರಿಗೆ ಬೇಕಾದದ್ದು ಹುಳಿ, ಗರಿಗರಿ, ಬಿಸಿ-ತಂಪು. ಅನ್ನ ಸಾರಿನ ಜೊತೆ ಒಂದು ಹಪ್ಪಳ, ಸೌತೆಕಾಯಿ ಕೋಸಂಬರಿ, ಮೇಲೆ ನಿಂಬೆ ಹಿಂಡಿದರೆ ತಟ್ಟೆ ಖಾಲಿ. ಬಾಯಿ ಒಣಗುವವರದು ಬೇರೆ ಲೆಕ್ಕ. ಅವರಿಗೆ ನೀರು ನೀರಾದ ಸಾರು, ಮಜ್ಜಿಗೆ. ಚಪಾತಿ ಪಲ್ಯ ಕೊಟ್ಟರೆ ಗಂಟಲಲ್ಲಿ ನಿಲ್ಲುತ್ತದೆ. ಆಂಟಿಸೈಕೋಟಿಕ್ (ಈ ಕಾಯಿಲೆಯ ಮಾತ್ರೆಗಳು) ತಗೊಂಡು ಅವಸರದಲ್ಲಿ ನುಂಗುವವರಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ, ನಿಮಗೆ ಹೇಳಬೇಕಿಲ್ಲ. ಮುದ್ದೆಯನ್ನು ಚಿಕ್ಕ ತುತ್ತು ಮಾಡಿಸಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಪಾತ್ರೆಯಲ್ಲಿ ಮೊದಲು ಹಾಕುತ್ತಿದ್ದ ಉಪ್ಪಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಕಿಸುತ್ತೇನೆ. ಊಟಕ್ಕೆ ಕೂತವರಿಗೆ ಮೊದಲು ಒಂದೇ ಚಮಚ ಸಾರು, ಕಲಸಿದ ಎರಡು ತುತ್ತು ಅನ್ನ. ಅದು ಬಾಯಲ್ಲಿರುವಾಗಲೇ ಕೇಳುವುದು: "ಏನು ಕಮ್ಮಿ ಇದೆ?" ಮೀಟಿಂಗ್‌ನಲ್ಲಿ ಬಾಯಿ ಬಿಡದವರೂ ಇಲ್ಲಿ ಹೇಳುತ್ತಾರೆ. "ಹುಳಿ." "ಉಪ್ಪು." "ಸರಿಯಾಗಿದೆ, ಬಡಿಸಿ." ತಟ್ಟೆಯ ತಳಕ್ಕೆ ಬಣ್ಣದ ಸ್ಟಿಕರ್ ಇದೆ, ಬಡಿಸುವವರಿಗೆ ಯಾರ ಮೂಗು ಮಂದ, ಯಾರ ಬಾಯಿ ಒಣ ಅಂತ ತಿಳಿಯಲು. ಪಕ್ಕದ ಟ್ರೇಯಲ್ಲಿ ನಿಂಬೆ ಹೋಳು, ಪುಡಿಉಪ್ಪು, ಕೊತ್ತಂಬರಿ ಸೊಪ್ಪು, ತುಪ್ಪದ ಒಗ್ಗರಣೆ, ಮತ್ತೆ ನನ್ನದೊಂದು ಚಟ್ನಿಪುಡಿ. ಉಪ್ಪು ಮೇಲೆ ಉದುರಿಸಿದರೆ ಸಾರಲ್ಲಿ ಕರಗಿಸಿದ್ದಕ್ಕಿಂತ ಕಡಿಮೆಯಲ್ಲಿ ನಾಲಿಗೆಗೆ ಹತ್ತುತ್ತದೆ. ಹುಳಿ ಇದ್ದರೆ ಇನ್ನೂ ಕಡಿಮೆ ಸಾಕು. ಚಟ್ನಿಪುಡಿಯಲ್ಲಿ ಏನಿದೆ ಅಂತ ಕೇಳಬೇಡಿ. ಉಪ್ಪಿಲ್ಲ, ಮೆಣಸಿನಕಾಯಿ ಇಲ್ಲ. ಅಷ್ಟು ಹೇಳುತ್ತೇನೆ.

ಮೊದಲೆರಡು ವಾರ ಬಡಿಸುವುದಕ್ಕೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು. ಅಕ್ಕ ಸಿಡಿಮಿಡಿ. "ಇದೇನು ಮದುವೆ ಮನೆನಾ ಸಿಸ್ಟರ್, ಒಬ್ಬೊಬ್ರಿಗೂ ಕೇಳ್ಕೊಂಡು ನಿಲ್ಲೋಕೆ?" ಈಗ ಅಂಥ ವ್ಯತ್ಯಾಸ ಇಲ್ಲ.

ಇನ್ನು "ಮದ್ದು ಹಾಕಿದ್ದಾರೆ" ಅನ್ನುವವರು. ನಮ್ಮ ಊರುಗಳಲ್ಲಿ ಕೈಮದ್ದಿನ ನಂಬಿಕೆ ಮೊದಲೇ ಇದೆ. ಮದ್ದು ತೆಗೆಸಲು ಎಲ್ಲೆಲ್ಲೋ ಹೋಗಿ ಬಂದ ಮೇಲೇ ಎಷ್ಟೋ ಮನೆಯವರು ಡಾಕ್ಟರ ಹತ್ತಿರ ಬರುವುದು. ಅದಕ್ಕೇ ರೋಗಿ ಹಾಗೆ ಹೇಳಿದರೆ ನಾವು "ಡೆಲ್ಯೂಷನ್", ಅಂದರೆ ಕಾಯಿಲೆಯ ಸುಳ್ಳು ನಂಬಿಕೆ, ಅಂತ ಬರೆದು ಮುಂದೆ ಹೋಗುತ್ತೇವೆ. ನಮ್ಮಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದರು. ಎಂಟು ತಿಂಗಳು ಸರಿಯಾಗಿ ಉಂಡವರು ಇದ್ದಕ್ಕಿದ್ದಂತೆ ತಟ್ಟೆ ತಳ್ಳಲು ಶುರುಮಾಡಿದರು. ಸಾರಲ್ಲಿ ಏನೋ ಇದೆ ಅಂತ. ಡೋಸ್ ಏರಿಸುವ ಮಾತು ಬಂತು. ನಾನು ಒಂದು ವಾರ ಟೈಮ್ ಕೇಳಿಕೊಂಡೆ. ಪಟ್ಟಿ ಇಡಲು ಹೋದರೆ ಬಾಯೇ ಬಿಡಲಿಲ್ಲ, ವಿಷದ ಭಯ ಇರುವವರ ನಾಲಿಗೆಗೆ ನಾವು ಕಾಗದ ಇಡುತ್ತೇವೆ ಅಂದರೆ ಬಿಡುತ್ತಾರಾ? ಅವರ ಕೈಗೇ ತಕ್ಕಡಿ ಕೊಟ್ಟೆ. "ಮೇಷ್ಟ್ರೇ, ಸಕ್ಕರೆ ನೀವೇ ತೂಗಿ, ನೀರು ನೀವೇ ಹಾಕಿ, ಪಟ್ಟಿ ನೀವೇ ಅದ್ದಿ. ಎರಡು ಅದ್ದಿ, ನನಗೆ ಯಾವುದು ಅಂತ ನೀವೇ ಹೇಳಿ." ಮೊದಲು ನಾನು ಇಟ್ಟುಕೊಂಡೆ. ಅವರು ನನ್ನ ಮುಖ ನೋಡುತ್ತಾ ಕೂತರು. ಆಮೇಲೆ ಅವರೂ ಇಟ್ಟುಕೊಂಡರು.

ನಾಲ್ಕೂ ರುಚಿ ಸರಿಯಾಗಿ ಹೇಳಿದರು. ಆದರೆ ಸಾದಾ ನೀರಿನ ಪಟ್ಟಿಗೂ "ಕಬ್ಬಿಣ ನೆಕ್ಕಿದ ಹಾಗಿದೆ" ಅಂದರು. ಅಲ್ಲಿ ಸಿಕ್ಕಿತು. ಫೈಲ್ ತೆಗೆದು ನೋಡಿದರೆ ತೂಕ ಮತ್ತು ಶುಗರ್‌ಗೆ ಅಂತ ಮೆಟ್‌ಫಾರ್ಮಿನ್ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಆ ಮಾತ್ರೆ ಕೆಲವರ ಬಾಯಲ್ಲಿ ಲೋಹದ ರುಚಿ ತರುತ್ತದೆ. ಊಟಕ್ಕೆ ಮುಂಚೆ ನುಂಗುತ್ತಿದ್ದರು. ಡಾಕ್ಟರಿಗೆ ಹೇಳಿದೆ. ಊಟದ ಮಧ್ಯೆ ಕೊಡಲು ಹೇಳಿ, ನಿಧಾನವಾಗಿ ಬಿಡುಗಡೆ ಆಗುವ ತರಹದ್ದಕ್ಕೆ ಬದಲಿಸಿದರು. ಮೇಷ್ಟ್ರಿಗೆ ಮಾತ್ರೆಯ ಚೀಟಿ ಓದಿ ಹೇಳಿದೆವು. ಹದಿನೈದು ದಿನದಲ್ಲಿ ಸಾರು ಅನ್ನ ಎರಡೂ ಉಣ್ಣತೊಡಗಿದರು. ಪಕ್ಕದ ಮನೆಯವರು ತಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವುದು ಹೋಗಲಿಲ್ಲ, ಅದು ಕಾಯಿಲೆ. ಊಟದ ದೂರು ಮಾತ್ರ ಮತ್ತೆ ಬರಲಿಲ್ಲ. ಎಲ್ಲರದೂ ಹೀಗೇ ಬಗೆಹರಿಯುವುದಿಲ್ಲ. ಇನ್ನೊಬ್ಬ ಹುಡುಗನಿಗೆ ಏನೂ ತಿನ್ನದಿದ್ದಾಗಲೂ ಬಾಯಲ್ಲಿ ಕೊಳೆತ ರುಚಿ ಬರುತ್ತಿತ್ತು. ಮಾತ್ರೆ ಪಟ್ಟಿಯಲ್ಲೂ ಹಲ್ಲಿನಲ್ಲೂ ಏನೂ ಸಿಗಲಿಲ್ಲ. ಅವನದು ಭ್ರಮೆಯ ರುಚಿಯೇ, ಕ್ಲೋಜಪಿನ್ ಅನ್ನುವ ಆಂಟಿಸೈಕೋಟಿಕ್ ಹಿಡಿದ ಮೇಲೆ ಕಡಿಮೆಯಾಯಿತು. ನಾನು ಹೇಳುವುದು ಇಷ್ಟೇ, ಮೊದಲು ಮಾತ್ರೆ ಪಟ್ಟಿ ನೋಡಿ. ನಾಲಿಗೆ ಕೆಳಗಿಡುವ ಅಸೆನಪಿನ್ ಮಾತ್ರೆ ಕಹಿ, ಬಾಯಿ ಜೋಮು ಹಿಡಿಸುತ್ತದೆ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂನಲ್ಲೂ ಲೋಹದ ರುಚಿ ಅನ್ನುವವರಿದ್ದಾರೆ.

ಸಕ್ಕರೆಯ ಮೇಲೆ ಒಂದಿಷ್ಟು ಆಟ ಆಡಿದೆ. ಓಲಾಂಜಪಿನ್, ಕ್ಲೋಜಪಿನ್ ಥರದ ಆಂಟಿಸೈಕೋಟಿಕ್ ತಗೊಳ್ಳುವವರ ಸಿಹಿ ಆಸೆ ನಿಮಗೆ ಗೊತ್ತೇ ಇದೆ. ಟೀಗೆ ಸಕ್ಕರೆ ಕದ್ದು ಕಡಿಮೆ ಮಾಡಿದರೆ ಅರ್ಧ ಚಮಚದ ವ್ಯತ್ಯಾಸಕ್ಕೇ ಗಲಾಟೆ. ಏಲಕ್ಕಿ ಜಜ್ಜಿ ಹಾಕಿದೆ. ಅರ್ಧ ಜನ ಕಡಿಮೆ ಸಕ್ಕರೆಯಲ್ಲೂ "ಇವತ್ತು ಸಿಹಿ ಜಾಸ್ತಿ" ಅಂದರು, ಇನ್ನರ್ಧ "ಸಪ್ಪೆ" ಅಂದರು. ಚಾರ್ಟ್ ತೆಗೆದು ನೋಡಿದರೆ ಸಪ್ಪೆ ಅಂದವರು ಬಹುತೇಕ ಮಂದ ಮೂಗಿನವರು. ಏಲಕ್ಕಿ ಘಮವೇ ಮೂಗಿಗೆ ಹತ್ತದಿದ್ದರೆ ಸಿಹಿ ಹೇಗೆ ಹೆಚ್ಚುತ್ತೆ? ಅವರಿಗೆ ಟೀ ಸ್ವಲ್ಪ ಆರಿಸಿ, ಬೆಚ್ಚಗೆ, ಚಿಕ್ಕ ಲೋಟದಲ್ಲಿ ಕೊಟ್ಟೆ. ಸುಡುವ ಟೀಯನ್ನು ಯಾರೂ ನಾಲಿಗೆ ಮೇಲೆ ನಿಲ್ಲಿಸುವುದಿಲ್ಲ. ತಿಂಗಳಿಗೆ ಇಪ್ಪತ್ತು ಕೆಜಿ ಹತ್ತಿರ ಇದ್ದ ಸಕ್ಕರೆ ಹನ್ನೆರಡಕ್ಕೆ ಬಂತು. ಈ ಆಟದಿಂದಲೇ ನನ್ನ ಮೂಗಿನ ಪರೀಕ್ಷೆ ಸರಿಯಿದೆ ಅಂತ ಡಾಕ್ಟರು ಒಪ್ಪಿದ್ದು.

ಪಿಟಿಸಿ ಪಟ್ಟಿಯನ್ನೂ (ಕೆಲವರಿಗೆ ಕಹಿ, ಕೆಲವರಿಗೆ ರುಚಿಯೇ ಇಲ್ಲದ ಪುಡಿ ಹಚ್ಚಿದ ಕಾಗದ) ತರಿಸಿದ್ದೆ, ಕಾಲೇಜಿನ ಬಯಾಲಜಿ ಲ್ಯಾಬಿಗೆ ಮಾರುವಂಥದ್ದು, ಅಗ್ಗ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಲ್ಯಾಬಿನಲ್ಲಿ ಈ ಪುಡಿ ಹಾರಿ, ಪಕ್ಕದವರಿಗೆ ಕಹಿ ಕಹಿ ಅನಿಸಿ, ಫಾಕ್ಸ್ ಅವರಿಗೆ ಮಾತ್ರ ಏನೂ ಅನಿಸಲಿಲ್ಲವಂತೆ. ಹುಟ್ಟಿನಿಂದ ಬರುವ ಗುಣ. ಸ್ಕಿಜೋಫ್ರೇನಿಯಾ ಇರುವವರಲ್ಲೂ ಅವರ ಒಡಹುಟ್ಟಿದವರಂಥ ಹತ್ತಿರದ ಸಂಬಂಧಿಗಳಲ್ಲೂ ಈ ಕಹಿ ತಿಳಿಯದವರು ಜಾಸ್ತಿ ಅಂತ ಫಿಲಡೆಲ್ಫಿಯಾದ ಸಂಶೋಧಕರು ಬರೆದಿದ್ದಾರೆ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬರೀ ಕಾಗದ. ಅಡುಗೆಯ ಅಕ್ಕನಿಗೂ ಬರೀ ಕಾಗದ! ಅವರ ಹಾಗಲಕಾಯಿ ಗೊಜ್ಜು ಅಷ್ಟು ಕಹಿ ಯಾಕೆ ಅಂತ ಆವತ್ತು ಎಲ್ಲರೂ ನಕ್ಕರು. ನೋಡಲು ಬಂದ ಮನೆಯವರಿಗೂ ಪಟ್ಟಿ ಕೊಡೋಣ ಅಂತ ಹೊರಟೆ. ಒಬ್ಬ ತಾಯಿ ಕಾಗದ ನೆಕ್ಕಿ, ಏನೂ ಇಲ್ಲ ಅಂದು, ಸ್ವಲ್ಪ ಹೊತ್ತು ಬಿಟ್ಟು "ಹಾಗಾದ್ರೆ ಮಗನಿಗೆ ನನ್ನಿಂದಲೇ ಬಂತಾ ಸಿಸ್ಟರ್?" ಅಂದರು. ಹಾಗಲ್ಲಮ್ಮ, ಕಾಯಿಲೆ ಇಲ್ಲದವರಲ್ಲೂ ಎಷ್ಟೋ ಜನ ಹೀಗೇ ಇರುತ್ತಾರೆ, ನಮ್ಮ ಅಡುಗೆಯವರನ್ನೇ ನೋಡಿ ಅಂತ ಬಿಡಿಸಿ ಹೇಳಿದೆ. ಉಳಿದ ಪಟ್ಟಿ ಬೀರುವಿನಲ್ಲಿದೆ. ಊಟಕ್ಕೆ ಅದರಿಂದ ಉಪಯೋಗವೂ ಇಲ್ಲ. ನೀವು ತರಿಸಬೇಡಿ.

ದುಡ್ಡಿನ ಲೆಕ್ಕ ಕೇಳುತ್ತೀರಿ. ಪೇಪರ್, ನಿಂಬೆಉಪ್ಪು, ನೆಲಬೇವು, ಡಬ್ಬಿ, ಉಜ್ಜುಗ, ಸ್ಟಿಕರ್, ಸಣ್ಣ ತಕ್ಕಡಿ ಎಲ್ಲ ಸೇರಿ ಮೂರು ಸಾವಿರ ದಾಟಿರಲಿಕ್ಕಿಲ್ಲ. ಎಮ್ಮೆಗೆ ಹೋಗುವುದು ಈಗ ದಿನಕ್ಕೆ ಒಂದೂವರೆ ಕೆಜಿ. ದಿನಸಿಯಲ್ಲಿ ತಿಂಗಳಿಗೆ ಎರಡೂವರೆ ಸಾವಿರದಷ್ಟು ಉಳಿಯುತ್ತದೆ, ಅದರಲ್ಲಿ ಸ್ವಲ್ಪ ನಿಂಬೆಹಣ್ಣಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನಿಂಬೆ ರೇಟು ನೋಡಿದರೆ ಅಳು ಬರುತ್ತದೆ, ಆಗ ಹುಣಸೆ ನೀರು. ತೂಕ ಜಾಸ್ತಿ ಇದ್ದ ಐದಾರು ಜನ ಎರಡು ಮೂರು ಕೆಜಿ ಇಳಿದಿದ್ದಾರೆ. ಊಟ ಬಿಡುತ್ತಿದ್ದ ಮೂವರು ಏರಿದ್ದಾರೆ.

ಮಾಡುವವರು ಎರಡು ವಿಷಯ ಡಾಕ್ಟರಿಗೆ ಹೇಳದೆ ಮಾಡಬೇಡಿ. ಲಿಥಿಯಂ ತಗೊಳ್ಳುವವರ ಉಪ್ಪು ಇಳಿಸಬೇಡಿ, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನಮ್ಮಲ್ಲಿ ಅವರ ತಟ್ಟೆಗೆ ಬೇರೆಯೇ ಬಣ್ಣ, ಅವರ ಉಪ್ಪು ಮೊದಲಿನಂತೆಯೇ. ಇನ್ನೊಂದು ಬೀಡಿ. ಬೀಡಿಯಿಂದ ನಾಲಿಗೆ ಮಂದ ಆಗುತ್ತದೆ, ಬಿಡಿಸಿದರೆ ಒಳ್ಳೆಯದೇ. ಆದರೆ ಕ್ಲೋಜಪಿನ್ ಮೇಲಿರುವವರು ಒಮ್ಮೆಲೇ ನಿಲ್ಲಿಸಿದರೆ ಅದರ ಮಟ್ಟ ಏರಿ ತೂಕಡಿಕೆ, ಜೊಲ್ಲು ಎಲ್ಲ ಜಾಸ್ತಿಯಾಗುತ್ತದೆ. ಡೋಸ್ ಡಾಕ್ಟರು ನೋಡಿಕೊಳ್ಳಲಿ.

ಹೊಸಬರು ಬಂದರೆ ಮೊದಲ ವಾರ ಪರೀಕ್ಷೆ ಮಾಡುವುದಿಲ್ಲ, ಊಟದ ಕೋಣೆ ರೂಢಿಯಾಗಲಿ ಅಂತ. ಎರಡನೇ ವಾರ ಮೂಗು, ಆಮೇಲೆ ನಾಲಿಗೆ. ಮಾತ್ರೆ ಬದಲಾದಾಗಲೆಲ್ಲ ಮತ್ತೊಮ್ಮೆ. ನಮ್ಮ ಡಾಕ್ಟರು ಈಗ ಹೊಸ ಮಾತ್ರೆ ಬರೆದ ದಿನ ಚೀಟಿಯ ಒಂದು ಪ್ರತಿಯನ್ನು ಅಡುಗೆಮನೆಗೂ ಕಳಿಸುತ್ತಾರೆ.